ಸೀಟಿ ಗಾಡಿಯ ಬೇಸಿಗೆ

ಹೋದ ಬೇಸಿಗೆಯಲ್ಲಿ ಸೊಸೆಯ ತವರಿನವರ ಮದುವೆಗೆಂದು ತಿಕೋಟಾಕ್ಕೆ ಹೊರಟಿದ್ದೆವು. ಅರಕೇರಿ ದಾಟಿದ ಮೇಲೆ ಒಣದ್ರಾಕ್ಷಿ ತುಂಬಿದ ಟೆಂಪೊ ಒಂದು ರಸ್ತೆ ಬದಿಗೆ ನಿಂತಿತ್ತು. ಅದರ ಬಾನೆಟ್ ತೆಗೆದು, ಡ್ರೈವರ್ ಒದ್ದೆ ಗೋಣಿಚೀಲವನ್ನು ಕಾದ ರೇಡಿಯೇಟರ್ ಮೇಲೆ ಹಾಸುತ್ತಿದ್ದ. ನಮ್ಮ ಕಾರಿನ ಗಾಜು ಸ್ವಲ್ಪ ಇಳಿದಿತ್ತು. ಬಿಸಿ ಕಬ್ಬಿಣದ ಮೇಲೆ ಒದ್ದೆ ಗೋಣಿ ಬೇಯುವ ಆ ವಾಸನೆ ಮೂಗಿಗೆ ಬಡಿದದ್ದೇ ನಾನು ಮಗನಿಗೆ ಗಾಡಿ ನಿಲ್ಲಿಸಲು ಹೇಳಿದೆ. ಹಳೆಯ ಮೆಕ್ಯಾನಿಕ್ ಅಲ್ಲವೇ, ಕೈ ಹಾಕಲು ಇಳಿಯುತ್ತಿದ್ದಾನೆ ಎಂದುಕೊಂಡಿರಬೇಕು ಅವನು. ನಾನು ಇಳಿದೆ, ಸುಮ್ಮನೆ ನಿಂತೆ, ಮತ್ತೆ ಹತ್ತಿ ಕೂತೆ. ಮದುವೆ ಮನೆಯಲ್ಲಿ ಊಟ ಸೇರಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಹೊತ್ತಿನ ಒಂದು ಬೇಸಿಗೆ ಅದು. ಈಗಿನ ವಿಜಯಪುರ ಆಗ ಬಿಜಾಪುರ. ಸ್ಟೇಷನ್ ರಸ್ತೆಯ ಗ್ಯಾರೇಜೊಂದರಲ್ಲಿ ನಾನು ಮೆಕ್ಯಾನಿಕ್ ಆಗಿದ್ದೆ. ನಮ್ಮೂರು ಬಬಲೇಶ್ವರ. ನಮ್ಮದು ಹತ್ತಿ ಹಿಂಜಿ ಗಾದಿ ಹೊಲಿಯುವ ನದಾಫರ ಮನೆ. ಅಪ್ಪ ತೀರಿಕೊಂಡ ಮೇಲೆ ಅವ್ವ ತಾನೇ ಆ ಕೆಲಸ ಹಿಡಿದಿದ್ದಳು. ತಂಗಿ ಹಸೀನಾ ಅವಳ ಜೊತೆಗಿದ್ದಳು. ನಾನು ಬಿಜಾಪುರದಲ್ಲಿ ಕೋಣೆ ಹಿಡಿದಿದ್ದೆ, ವಾರಕ್ಕೊಮ್ಮೆ ಊರಿಗೆ ಹೋಗಿ ಬರುತ್ತಿದ್ದೆ.

ಆ ವರ್ಷದ ಚಳಿಗಾಲ ಮುಗಿಯುವ ಹೊತ್ತಿಗೆ ನಮ್ಮ ಗ್ಯಾರೇಜಿಗೆ ಒಂದು ಪರದೇಶದ ಕಾರು ಬಂತು. ಸ್ಟೇರಿಂಗ್ ಎಡಗಡೆ. ನಡೆಸುತ್ತಿದ್ದವರು ಹೆಂಗಸು, ಡಾಕ್ಟರ್ ಇಂದುಮತಿ. ಅರಕೇರಿಯ ಒಕ್ಕಲುತನದ ಮನೆಯ ಮಗಳು. ಓದಿ ಡಾಕ್ಟರಾಗಿ, ಮದುವೆಯಾಗಿ, ಗಂಡನ ಜೊತೆ ಸ್ವೀಡನ್ನಿಗೆ ಹೋಗಿದ್ದವರು. ಗಂಡ ಅಲ್ಲೇ ತೀರಿಕೊಂಡಿದ್ದರು. ಗಂಡ ಆಸೆಪಟ್ಟು ಕೊಂಡಿದ್ದ ಕಾರನ್ನು ಮಾರಲು ಮನಸ್ಸಾಗದೆ ಇವರು ಹಡಗಿನಲ್ಲಿ ಮುಂಬಯಿಗೆ ತರಿಸಿ, ಅಲ್ಲಿಂದ ತಾವೇ ನಡೆಸಿಕೊಂಡು ಬಂದಿದ್ದರು. ಅಥಣಿ ರಸ್ತೆಯಲ್ಲಿ ಪುಟ್ಟ ದವಾಖಾನೆ ತೆಗೆದಿದ್ದರು. ತಿಕೋಟಾ, ಬಬಲೇಶ್ವರದ ಕಡೆಯ ಬಸುರಿ ಬಾಣಂತಿಯರನ್ನು ನೋಡಲು ವಾರದಲ್ಲಿ ಎರಡು ಮೂರು ಸಲ ಹೋಗುತ್ತಿದ್ದರು. ದೊಡ್ಡ ಹೆಂಗಸರನ್ನು ಗೌರವದಿಂದ ಬಾಯಾರು ಅನ್ನುವುದು ನಮ್ಮ ಕಡೆಯ ರೂಢಿ; ಎಲ್ಲರಂತೆ ನಾನೂ ಅವರನ್ನು ಬಾಯಾರು ಎಂದೇ ಕರೆಯುತ್ತಿದ್ದೆ.

"ಇಂಜಿನ್‌ನೊಳಗ ಯಾರೋ ಕಲ್ಲು ಕುಟ್ಟಿದಂಗ ಸಪ್ಪಳ ಬರ್ತದ. ಒಮ್ಮೆ ಕೇಳ್ರಿ," ಎಂದರು.

ಅವರ ಪಕ್ಕ ಕೂತು ಅಥಣಿ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದೆ. ಅಂಥ ಗಾಡಿಯಲ್ಲಿ ನಾನು ಅದುವರೆಗೆ ಕೂತಿರಲಿಲ್ಲ. ಬಾಯಾರು ಕಾಲು ಒತ್ತಿದಾಗ ಮೊದಲು ಏನೂ ಆಗಲಿಲ್ಲ. ಆಮೇಲೆ ಮುಂದುಗಡೆ ಎಲ್ಲೋ ಸಣ್ಣ ಸೀಟಿ ಊದಿದಂತೆ ಸದ್ದಾಗಿ, ಗಾಡಿ ಹಿಂದಿನಿಂದ ಯಾರೋ ದಬ್ಬಿದ ಹಾಗೆ ಹಾರಿತು. ಅದರ ಬೆನ್ನಿಗೇ ಆ ಸಪ್ಪಳ, ಕಟಕಟ ಕಟಕಟ.

ಬಾನೆಟ್ ತೆಗೆದು ಎರಡು ದಿನ ಕೂತೆ. ಬಾಯಾರು ಗಂಡನಿಂದ ಕೇಳಿ ತಿಳಿದದ್ದನ್ನು ಹೇಳಿದರು, ಉಳಿದದ್ದು ನಾನು ಕೊಳವೆ ಹಿಡಿದು ಹುಡುಕಿದೆ. ಇಂಜಿನ್ ಹೊರಹಾಕುವ ಬಿಸಿ ಹೊಗೆ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಒತ್ತಿ ಇಂಜಿನ್ನಿಗೆ ತುಂಬುತ್ತದೆ. ಗಾಳಿ ಹೆಚ್ಚಾದಷ್ಟೂ ಶಕ್ತಿ ಹೆಚ್ಚು. ಅತಿಯಾದರೆ ಇಂಜಿನ್ ಸುಟ್ಟೀತೆಂದು ಹೊಗೆಯ ದಾರಿಯಲ್ಲಿ ಒಂದು ಬಾಗಿಲು, ಆ ಬಾಗಿಲನ್ನು ಹಿಡಿದಿಡಲು ಒಂದು ಸ್ಪ್ರಿಂಗು. ಗಾಳಿಯ ಒತ್ತಡ ತೆಳ್ಳನೆಯ ರಬ್ಬರ್ ನಳಿಗೆಯ ಮೂಲಕ ಬಂದು ಸ್ಪ್ರಿಂಗನ್ನು ದಬ್ಬಿದಾಗ ಬಾಗಿಲು ತೆರೆಯುತ್ತದೆ, ಹೊಗೆ ಚಕ್ರವನ್ನು ತಪ್ಪಿಸಿಕೊಂಡು ಹೋಗುತ್ತದೆ. ಗಾಡಿ ಮಾಡಿದವರು ತಮ್ಮ ತಣ್ಣನೆಯ ದೇಶಕ್ಕೆ, ತಮ್ಮ ಒಳ್ಳೆಯ ಪೆಟ್ರೋಲಿಗೆ ಹೊಂದುವಂತೆ ಆ ಸ್ಪ್ರಿಂಗನ್ನು ಬಿಗಿದಿದ್ದರು. ನಮ್ಮ ಪೆಟ್ರೋಲಿನಲ್ಲಿ, ನಮ್ಮ ಬಿಸಿಲಿನಲ್ಲಿ ಅಷ್ಟು ಒತ್ತಡಕ್ಕೆ ಇಂಜಿನ್ ತಾಳದೆ ಕಲ್ಲು ಕುಟ್ಟುತ್ತಿತ್ತು.

ನಾನು ಸ್ಪ್ರಿಂಗಿನ ತಿರುಪು ಸಡಿಲಿಸಿದೆ. ಸಪ್ಪಳ ನಿಂತಿತು, ಜೊತೆಗೆ ಗಾಡಿಯ ಜೀವವೂ ಹೋಯಿತು. ಅರಕೇರಿಯ ಏರಿನಲ್ಲಿ ಸೈಕಲ್ಲಿನವನೊಬ್ಬ ನಮ್ಮನ್ನು ದಾಟಿ ಹೋದ.

"ನಡುವ ಎಲ್ಲೆರೆ ಇಡಾಕ ಬರೂದಿಲ್ಲೇನ್ರಿ?" ಎಂದು ಬಾಯಾರು ಕೇಳಿದರು. "ಬೇಕಾದಾಗ ಹೆಚ್ಚ, ಬ್ಯಾಡಾದಾಗ ಕಡಿಮಿ?"

ಗ್ಯಾರೇಜಿನ ಮೂಲೆಯಲ್ಲಿ ಒಂದು ಮುರುಕು ಗ್ಯಾಸಬತ್ತಿ ಇತ್ತು. ಎಣ್ಣೆ ಬಿಡುವ ಸಣ್ಣ ಹಿತ್ತಾಳೆ ಚಕ್ರವನ್ನು ಅದರಿಂದ ಬಿಚ್ಚಿ, ಆ ರಬ್ಬರ್ ನಳಿಗೆಗೊಂದು ಕವಲು ಹಾಕಿ ಅದರ ಬಾಯಿಗೆ ಕೂಡಿಸಿದೆ. ಚಕ್ರ ಮುಚ್ಚಿದ್ದರೆ ಒತ್ತಡವೆಲ್ಲ ಸ್ಪ್ರಿಂಗಿಗೆ ಹೋಗುತ್ತದೆ, ಬಾಗಿಲು ಬೇಗ ತೆರೆಯುತ್ತದೆ, ಗಾಡಿ ಮೆತ್ತಗಿರುತ್ತದೆ. ತುಸು ತೆರೆದರೆ ಒತ್ತಡ ಸೋರಿಹೋಗುತ್ತದೆ, ಬಾಗಿಲು ಮೋಸಹೋಗಿ ತಡಮಾಡುತ್ತದೆ, ಗಾಳಿ ಹೆಚ್ಚುತ್ತದೆ. ಹೀಗೆ ಕೈಯಿಂದ ತಿರುಗಿಸಿ ಗಾಳಿಯನ್ನು ಹದ ಮಾಡುವ ಒಂದು ದಾರಿ ಸಿಕ್ಕಿತು. ಎಷ್ಟು ತಿರುಗಿಸಬೇಕು ಎಂಬುದನ್ನು ಮಾತ್ರ ಯಾರೂ ಹೇಳಿಕೊಡುವಂತಿರಲಿಲ್ಲ. ಗಾಡಿಯಲ್ಲಿ ಗಾಳಿಯ ಒತ್ತಡ ತೋರಿಸುವ ಮುಳ್ಳೊಂದಿತ್ತು, ಹಸಿರು ಪಟ್ಟಿ, ಕೆಂಪು ಪಟ್ಟಿ. ನಮಗೆ ಮುಳ್ಳಿಗಿಂತ ಕಿವಿಯೇ ಗತಿ. ಕಟಕಟ ಕೇಳಿದ ಕೂಡಲೇ ನಾನು "ಕಾಲ ತಗೀರಿ" ಅನ್ನುತ್ತಿದ್ದೆ, ಬಾಯಾರು ಕಾಲು ತೆಗೆಯುತ್ತಿದ್ದರು.

ದಾರಿಯಲ್ಲಿ ನಿಂತರೆ ಬೇರೆ ಯಾರಿಗೂ ತಿಳಿಯದ ಗಾಡಿ ಎಂದು ಹಳ್ಳಿಗೆ ಹೋಗುವಾಗ ಅವರು ನನ್ನನ್ನು ಕರೆದೊಯ್ಯತೊಡಗಿದರು. ನಾನು ಕೂರುತ್ತಿದ್ದುದು ಬಲಗಡೆ, ಡ್ರೈವರ್ ಕೂರುವ ಜಾಗದಲ್ಲಿ. ಕೈಕಟ್ಟಿ ಕೂತವನ ಮುಂದೆ ಸ್ಟೇರಿಂಗೇ ಇಲ್ಲದ್ದನ್ನು ಕಂಡು ದಾರಿಯ ಮಂದಿ ಎತ್ತಿನ ಹಗ್ಗ ಬಿಟ್ಟು ನೋಡುತ್ತಿದ್ದರು. ತಿಕೋಟಾದ ಮಕ್ಕಳು ಅದಕ್ಕೆ ಸೀಟಿ ಗಾಡಿ ಎಂದು ಹೆಸರಿಟ್ಟರು. ನಮ್ಮವ್ವ ಒಂದು ಸಲ ಬಾಯಾರಿಗೆ ಚಹಾ ಕೊಟ್ಟು, ಬಾಗಿಲಲ್ಲಿ ನಿಂತ ಗಾಡಿಯನ್ನು ಮುಟ್ಟಿ ನೋಡಿ, "ಇದರ ಹೊಟ್ಟ್ಯಾಗಿನ ಗಾಳಿ ನನ್ನ ಮಗಾ ಹಿಡದಾನೇನ್ರಿ?" ಎಂದು ಕೇಳಿದ್ದಳು.

ಮೇ ಹತ್ತಿರವಾದಂತೆ ಬಾವಿಗಳು ತಳ ಕಂಡವು. ಬಬಲೇಶ್ವರದ ಸುತ್ತ ಜನ ಒಂದೇ ಬಾವಿಗೆ ಮುಗಿಬಿದ್ದು, ರಾಡಿ ನೀರನ್ನು ಅರಿವೆಯಲ್ಲಿ ಸೋಸಿ ಕುಡಿಯುತ್ತಿದ್ದರು. ಅಲ್ಲಿಂದ ಶುರುವಾಯಿತು ವಾಂತಿ-ಭೇದಿ. ಮೊದಲು ಎಳೆಯ ಮಕ್ಕಳು, ಆಮೇಲೆ ಮುದುಕರು, ಆಮೇಲೆ ಗಟ್ಟಿಮುಟ್ಟಾದವರೂ. ಬೆಳಿಗ್ಗೆ ಹೊಲಕ್ಕೆ ಹೋದವನನ್ನು ಮಧ್ಯಾಹ್ನ ಹೊತ್ತು ತರುತ್ತಿದ್ದರು. ಜಿಲ್ಲೆಯ ತುಂಬ ಇದೇ ಸುದ್ದಿ. ಸರ್ಕಾರದ ಡಾಕ್ಟರರು ಊರಿಂದೂರಿಗೆ ಓಡುತ್ತಿದ್ದರು, ಅವರಿಗೂ ಎರಡೇ ಕೈ. ಬಾಯಾರು ತಮ್ಮ ದವಾಖಾನೆಗೆ ಬೀಗ ಹಾಕಿ, ಬಿಜಾಪುರದಲ್ಲಿ ಸಿಕ್ಕಷ್ಟು ಸಲಾಯಿನ್ ಬಾಟಲಿಗಳನ್ನು ಗಾಡಿಯಲ್ಲಿ ತುಂಬಿ ಓಡಾಡತೊಡಗಿದರು. ತಿಕೋಟಾದ ಒಂದು ಸಾಲೆಯಲ್ಲಿ ರೋಗಿಗಳನ್ನು ಮಲಗಿಸಿದ್ದರು. ಅಲ್ಲಿ ಸೂಜಿ ಹಚ್ಚಿ, ಅಡ್ಡ ದಾರಿ ಹಿಡಿದು ಬಬಲೇಶ್ವರಕ್ಕೆ, ಅಲ್ಲಿಂದ ಬಿಜಾಪುರಕ್ಕೆ, ಮತ್ತೆ ತಿಕೋಟಾಕ್ಕೆ. ನಾನು ಗ್ಯಾರೇಜಿನ ಕೆಲಸ ಬಿಟ್ಟು ಅವರ ಬೆನ್ನಿಗೆ ನಿಂತೆ.

ಆಗ ನನಗೆ ಆ ಹಿತ್ತಾಳೆ ಚಕ್ರವೇ ಜಪವಾಯಿತು. ಬೆಳಗಿನ ತಂಪಿನಲ್ಲಿ ತುಸು ತೆರೆದರೂ ಇಂಜಿನ್ ತಾಳುತ್ತಿತ್ತು. ಹೊತ್ತೇರಿದಂತೆ ಒಳಗೆ ಹೋಗುವ ಗಾಳಿಯೇ ಕಾದಿರುತ್ತಿತ್ತು, ಅದೇ ತಿರುವಿಗೆ ಕಟಕಟ ಕೇಳುತ್ತಿತ್ತು. ಇಳಿದು ಮುಚ್ಚಬೇಕು. ಮುಚ್ಚಿದರೆ ಗಾಡಿ ತೆವಳುತ್ತದೆ. ಗಾಳಿಯ ಕೊಳವೆಗೆ ಗೋಣಿಚೀಲ ಸುತ್ತಿ ನೀರು ಹೊಯ್ಯುವುದನ್ನು ನಾನೇ ಕಂಡುಕೊಂಡೆ. ಅದರಿಂದ ಒಂದಿಷ್ಟು ದೂರ ಹೆಚ್ಚು ಎಳೆಯುತ್ತಿತ್ತು. ಕುಡಿಯಲು ನೀರಿಲ್ಲದ ಊರುಗಳ ನಡುವೆ ಗಾಡಿಗೆ ನೀರು ಹೊಯ್ಯುವಾಗ ದಾರಿಯ ಹೆಂಗಸರು ಖಾಲಿ ಕೊಡ ಹಿಡಿದು ನೋಡುತ್ತಿದ್ದರು. ಅವರತ್ತ ತಲೆ ಎತ್ತಲು ಆಗುತ್ತಿರಲಿಲ್ಲ.

ಎಷ್ಟು ಹದ ಮಾಡಿದರೂ ಇಂಜಿನ್ ದಿನದಿನಕ್ಕೆ ಸೋಲುತ್ತಿತ್ತು. ಎಣ್ಣೆ ಸುಡುತ್ತಿತ್ತು. ಬಿಡಿಭಾಗ ಬೇಕೆಂದರೆ ಸಮುದ್ರದಾಚೆಯಿಂದ ಬರಬೇಕು. ಬಾಯಾರ ಕಣ್ಣುಗಳು ಕುಳಿಬಿದ್ದಿದ್ದವು. ಒಂದು ಸಲ ಸ್ಟೇರಿಂಗ್ ಮೇಲೆ ಹಣೆ ಇಟ್ಟು, "ಒಬ್ಬರಿಗಿ ಸೂಜಿ ಹಚ್ಚೂದ್ರಾಗ ಆಚೀ ಕಡೆ ಇಬ್ರು ಹೋಗ್ತಾರ, ದಸ್ತಗೀರ. ನಾ ಏನ್ ಮಾಡಾಕತ್ತೇನಿ ನನಗ ತಿಳಿವಲ್ತು," ಎಂದರು. ನಾನು ಇಳಿದು ಚಕ್ರ ಮುಚ್ಚಿದೆ.

ಒಂದು ಮಧ್ಯಾಹ್ನ ನಾವು ತಿಕೋಟಾದ ಸಾಲೆಯಲ್ಲಿದ್ದೆವು. ನಾನು ಹೊರಗೆ ಗೋಣಿಚೀಲ ತೋಯಿಸುತ್ತಿದ್ದೆ. ನಮ್ಮೂರಿನ ಕುರುಬರ ಮಾಳಪ್ಪ ಏದುಸಿರು ಬಿಡುತ್ತ ಬಂದ. ಬಬಲೇಶ್ವರದಿಂದ ಅಡ್ಡ ದಾರಿಯಲ್ಲಿ ಓಡುತ್ತಲೇ ಬಂದಿದ್ದ. ತಲೆಯ ಪಟಗ ಬಿಚ್ಚಿ ಮುಖ ಒರೆಸಿಕೊಂಡು, ನನ್ನನ್ನು ನೋಡಿಯೂ ನೋಡದವನ ಹಾಗೆ ಬಾಯಾರು ಎಲ್ಲಿ ಎಂದು ಕೇಳಿ ಒಳಗೆ ಹೋದ. ತುಸು ಹೊತ್ತಿನ ಮೇಲೆ ಇಬ್ಬರೂ ಹೊರಗೆ ಬಂದರು.

"ಊರಾಗ ಸಲಾಯಿನ್ ಮುಗದೈತಿ," ಎಂದ ಮಾಳಪ್ಪ. "ನಿಮ್ಮ ಮನ್ಯಾಗೂ ಬ್ಯಾನಿ ಬಂದೈತೋ ದಸ್ತಗೀರ. ಹಸೀನಾನ ಕೈಕಾಲ ತಣ್ಣಗಾಗ್ಯಾವ."

"ಅವ್ವ?"

"ಅವ್ವ ಮಲಗ್ಯಾಳ," ಎಂದು ಮಾಳಪ್ಪ ಪೆಟ್ಟಿಗೆ ಎತ್ತಲು ಬಗ್ಗಿದ.

ಇದ್ದ ಪೆಟ್ಟಿಗೆಗಳನ್ನೆಲ್ಲ ತುಂಬಿ ಮೂವರೂ ಹೊರಟೆವು. ಬಿಸಿಗಾಳಿ ಎದುರಿಗೇ ಬೀಸುತ್ತಿತ್ತು. ಅರ್ಧ ದಾರಿಯಲ್ಲಿ ಒಂದು ಒಣ ಹಳ್ಳ, ಅದರಾಚೆ ಸಡಿಲ ಗರಸುಕಲ್ಲಿನ ಉದ್ದನೆಯ ಏರು. ಹಳ್ಳ ಇಳಿದೆವು. ಏರಿನ ನಡುವೆ ಗಾಡಿ ಉಸಿರು ಕಟ್ಟಿದ ಹಾಗೆ ಕೆಮ್ಮಿ ನಿಂತಿತು, ಹಿಂದಕ್ಕೆ ಜಾರತೊಡಗಿತು. ಮಾಳಪ್ಪ ಹಾರಿ ಇಳಿದು ಹಿಂದಿನ ಗಾಲಿಗೆ ಕಲ್ಲು ಕೊಟ್ಟ. ಮತ್ತೊಮ್ಮೆ ಪ್ರಯತ್ನ ಮಾಡಿದೆವು. ಅಲ್ಲೇ ಬಂದು ನಿಂತಿತು.

"ಪೆಟಗಿ ಹೊತಗೊಂಡು ನಡಕೋತ ಹೋಗೂಣ್ರಿ," ಎಂದೆ.

"ಮುಟ್ಟೂದ್ರಾಗ ಹೊತ್ತ ಮುಣಗತೈತಿ," ಎಂದ ಮಾಳಪ್ಪ.

ಬಾಯಾರು ಸ್ಟೇರಿಂಗ್ ಹಿಡಿದೇ ಕೂತಿದ್ದರು. "ಆ ಚಕ್ರ ಪೂರಾ ತೆರದ್ರ ಏರತದೇನ್ರಿ?"

"ಏರತೈತ್ರಿ. ಆದ್ರ ಈ ಬಿಸಲಾಗ ಇಂಜಿನ್ ಉಳಿಯೂದಿಲ್ಲ."

"ಊರ ತನಕ?"

"ಹೇಳಾಕ ಬರೂದಿಲ್ರಿ. ಒಮ್ಮೆ ಒಡೀತಂದ್ರ ಹೊಳ್ಳಿ ಮಾಡಾಕ ಬರೂದಿಲ್ಲ. ನಿಮ್ಮ ಯಜಮಾನ್ರ ಗಾಡಿರಿ ಇದು."

ಅವರು ನನ್ನ ಮುಖ ನೋಡಿದರು. ಏನೋ ಹೇಳಲು ಹೊರಟವರು ನುಂಗಿಕೊಂಡಂತೆ ಕಂಡಿತು. ಗಾಡಿಯ ಸಂಕಟ ಎಂದುಕೊಂಡೆ.

"ತೆರೀರಿ," ಎಂದರು.

ಬಾನೆಟ್ ಎತ್ತಿದೆ. ಉಳಿದಿದ್ದ ನೀರನ್ನೆಲ್ಲ ಗೋಣಿಗೆ ಸುರಿದೆ. ಹಿತ್ತಾಳೆ ಚಕ್ರ ಬೆರಳು ಸುಡುತ್ತಿತ್ತು. ಅಂಗಿಯ ತುದಿಯಲ್ಲಿ ಹಿಡಿದು ಇಡೀ ತಿರುಗಿಸಿಬಿಟ್ಟೆ. ಆ ಬೇಸಿಗೆಯ ತುಂಬ ಕೂದಲೆಳೆಯಷ್ಟು ತಿರುಗಿಸಿ ಕಿವಿಗೊಟ್ಟು ಕೂತವನು ನಾನು.

ನಾನೂ ಮಾಳಪ್ಪನೂ ಹತ್ತಿ ಕೂತ ಮೇಲೆ ಬಾಯಾರು ಕಾಲು ಒತ್ತಿದರು. ಸೀಟಿ ಎದ್ದಿತು, ಏರುತ್ತ ಏರುತ್ತ ಕೂಗಾಯಿತು. ಮುಳ್ಳು ಹಸಿರು ದಾಟಿ ಕೆಂಪಿಗೆ ಹೋಗಿ ಅಲ್ಲೇ ಒರಗಿತು. ಗಾಡಿ ಗರಸು ಚಿಮ್ಮಿಸುತ್ತ ಏರು ಹತ್ತಿ ಮೇಲಿನ ಬಯಲಿಗೆ ಬಂತು. ಅಲ್ಲಿ ಕಟಕಟ ಶುರುವಾಯಿತು. ಅದುವರೆಗೆ ಕೇಳಿದ್ದ ಸಪ್ಪಳವಲ್ಲ ಅದು, ಸುತ್ತಿಗೆ ಹೊಡೆತ. ಬಾಯಾರು ರೂಢಿಯಂತೆ ನನ್ನ ಕಡೆ ತಿರುಗಿದರು. ಕಾಲು ತೆಗೀರಿ ಎಂದು ನಾನು ಹೇಳಬೇಕಿತ್ತು. ಹೇಳಲಿಲ್ಲ. ಅವರು ರಸ್ತೆಯ ಕಡೆ ತಿರುಗಿ ಇನ್ನೂ ಒತ್ತಿದರು. ಒಳಗೆ ಕಬ್ಬಿಣ ಕಬ್ಬಿಣವನ್ನು ತಿನ್ನುತ್ತಿತ್ತು, ಗೋಣಿ ಒಣಗಿ ಕಮರು ವಾಸನೆ ಬರುತ್ತಿತ್ತು, ಹಿಂದೆ ಬಾಟಲಿಗಳು ಗಲಗಲ ಎನ್ನುತ್ತಿದ್ದವು. ಮಾಳಪ್ಪ ಪೆಟ್ಟಿಗೆಗಳನ್ನು ತಬ್ಬಿ ಹಿಡಿದು ದೇವರ ಹೆಸರು ಹೇಳುತ್ತಿದ್ದ.

ಊರ ಹೊರಗಿನ ಬೇವಿನ ಮರಗಳು ಕಂಡವು. ಅಲ್ಲಿಗೆ ಢಬ್ ಎಂದು ಒಂದು ಸದ್ದಾಗಿ, ಹಿಂದೆ ನೀಲಿ ಹೊಗೆ ಎದ್ದು, ಎಲ್ಲ ಒಮ್ಮೆಲೇ ಮೌನವಾಯಿತು. ಗಾಡಿ ತನ್ನ ಓಟದಲ್ಲೇ ಒಂದಿಷ್ಟು ಉರುಳಿ ಮೊದಲ ಮನೆಗಳ ಹತ್ತಿರ ನಿಂತಿತು. ಬಾಯಾರು ಕೀಲಿಯನ್ನೂ ತೆಗೆಯಲಿಲ್ಲ. ಚೀಲ ಹಿಡಿದು ಇಳಿದು ಓಡಿದರು. ನಾನು ಒಂದು ಪೆಟ್ಟಿಗೆ ಹೆಗಲಿಗೇರಿಸಿ ಅವರ ಹಿಂದೆ ಓಡಿದೆ. ಉಳಿದದ್ದನ್ನು ಊರವರು ಹೊತ್ತು ತಂದರು.

ಹಸೀನಾ ಚಾಪೆಯ ಮೇಲಿದ್ದಳು. ತುಟಿ ಕಪ್ಪಾಗಿತ್ತು, ಬೆರಳುಗಳು ಬಹಳ ಹೊತ್ತು ನೀರಲ್ಲಿ ಬಿದ್ದವಳ ಬೆರಳಿನಂತೆ ಸುಕ್ಕಾಗಿದ್ದವು. ನೆರೆಮನೆಯ ಶಾಂತವ್ವ ಬೀಸಣಿಗೆ ಬೀಸುತ್ತಿದ್ದಳು. ಬಾಯಾರು ಕೈಯಲ್ಲಿ ನರ ಹುಡುಕಿದರು, ಸಿಗಲಿಲ್ಲ. ಇನ್ನೊಂದು ಕೈ, ಅಲ್ಲೂ ಇಲ್ಲ. ಬ್ಲೇಡಿನಿಂದ ಕಾಲಿನ ಹರಡಿನ ಹತ್ತಿರ ಕೊಯ್ದರು. ಹಸೀನಾ ನರಳಲೂ ಇಲ್ಲ.

"ಬಾಟ್ಲಿ ಎತ್ತಿ ಹಿಡೀರಿ ದಸ್ತಗೀರ. ಏನಾದ್ರೂ ಆಗ್ಲಿ, ಕೆಳಗ ಇಳಸಬ್ಯಾಡ್ರಿ."

ಬಾಟಲಿ ಎತ್ತಿ ಹಿಡಿದೆ. ಮನೆಯ ಸುತ್ತ ಕಣ್ಣಾಡಿಸಿದೆ. "ಅವ್ವ ಎಲ್ಲಿ?" ಎಂದು ಶಾಂತವ್ವನನ್ನು ಕೇಳಿದೆ. ಅವಳು ಬಾಯಾರನ್ನು ನೋಡಿದಳು. ಬಾಯಾರು ಕೊಯ್ದ ಜಾಗದಿಂದ ಕಣ್ಣು ತೆಗೆಯದೆ, "ಮೊದಲ ಇಕಿ," ಎಂದರು.

ನರ ಸಿಕ್ಕಿತು. ನಳಿಗೆಯಲ್ಲಿ ಹನಿ ಇಳಿಯತೊಡಗಿತು, ಹನಿ ಧಾರೆಯಾಯಿತು. ಅದನ್ನು ನೋಡಿ ಖಾತ್ರಿ ಮಾಡಿಕೊಂಡ ಮೇಲೆ ಅವರು ಎದ್ದು ನನ್ನ ಎದುರು ನಿಂತರು.

"ನಿಮ್ಮ ಅವ್ವಾರು ಬೆಳಿಗ್ಗೇನ ಹೋದ್ರು. ಮಣ್ಣೂ ಆಗೇದ. ಮಾಳಪ್ಪ ನನಗ ತಿಕೋಟಾದಾಗ ಹೇಳಿದ್ದ."

ಕೈ ಕೆಳಗಿಳಿಸುವಂತಿರಲಿಲ್ಲ. ಇಳಿಸಿದರೆ ಹನಿ ನಿಂತುಹೋಗುತ್ತದೆ. ಕಣ್ಣೀರು ಗದ್ದದವರೆಗೆ ಇಳಿದು ಅಂಗಿಯ ಮೇಲೆ ಬೀಳುತ್ತಿತ್ತು. ಒಂದು ಕೈ ಸೋತರೆ ಇನ್ನೊಂದು ಕೈಗೆ ಬಾಟಲಿ ದಾಟಿಸುತ್ತ ಹಾಗೇ ನಿಂತೆ. ಶಾಂತವ್ವ ತನ್ನ ಸೆರಗಿನಿಂದ ನನ್ನ ಮುಖ ಒರೆಸಿದಳು. ಬಾಯಾರು ಆಗಲೇ ಪಕ್ಕದ ಮನೆಗೆ ಹೋಗಿದ್ದರು. ಆ ಮನೆಯಿಂದ ಒಂದು ಅಳು ಎದ್ದಿತು, ತಡೆದು ನಿಂತಿತು, ಮತ್ತೆ ಎದ್ದಿತು.

ಬಿಸಿಲು ತಗ್ಗಿದಾಗ ಹಸೀನಾ ಕಣ್ಣು ಬಿಟ್ಟಳು. "ಅಣ್ಣಾ, ನೀರು," ಎಂದಳು. ಅವ್ವನನ್ನು ಕೇಳಲಿಲ್ಲ. ಅವಳಿಗೆ ಗೊತ್ತಿತ್ತು.

ಮರುದಿನ ಸರ್ಕಾರದ ಜೀಪು ಔಷಧಿ ತಂದಿತು, ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿದರು. ನಿಧಾನವಾಗಿ ಬೇನೆ ಇಳಿಯಿತು. ಅಷ್ಟರಲ್ಲಿ ನಮ್ಮ ಓಣಿಯಲ್ಲಿ ಹಲವು ಮನೆಗಳು ಬಾಗಿಲು ಮುಚ್ಚಿದ್ದವು. ನಾನು ಹಸೀನಾಳನ್ನು ಬಿಜಾಪುರಕ್ಕೆ ಕರೆತಂದೆ. ಬಾಯಾರು ಬಸ್ಸಿನಲ್ಲಿ ಹಳ್ಳಿಗಳಿಗೆ ಓಡಾಡುತ್ತಿದ್ದಾರೆಂದು ಕೇಳಿದೆ. ಎರಡು ಸಲ ಕರೆ ಕಳಿಸಿದರು, ನಾನು ಹೋಗಲಿಲ್ಲ. ಎದುರಿಗೆ ಬಂದರೆ ಇನ್ನೊಂದು ಓಣಿ ಹಿಡಿಯುತ್ತಿದ್ದೆ. ಅವ್ವನ ಮುಖ ಕಡೆಗೊಮ್ಮೆ ನೋಡುವುದು ಹೇಗೂ ಆಗುತ್ತಿರಲಿಲ್ಲ, ನಾವು ತಿಕೋಟಾ ಬಿಡುವ ಮೊದಲೇ ಎಲ್ಲ ಮುಗಿದಿತ್ತು. ಆದರೂ ಅವ್ವ ಬದುಕಿದ್ದಾಳೆಂದು ನಂಬಿ ಆ ದಾರಿಯುದ್ದಕ್ಕೂ ಕೂತಿದ್ದೆನಲ್ಲ, ಅದನ್ನು ಮರೆಯಲಾಗುತ್ತಿರಲಿಲ್ಲ. ಪಕ್ಕದಲ್ಲಿ ಕೂತವರಿಗೆ ಗೊತ್ತಿತ್ತು, ಹಿಂದೆ ಕೂತವನಿಗೂ ಗೊತ್ತಿತ್ತು.

ಮೊದಲ ಮಳೆ ಬಿದ್ದ ಮೇಲೆ ಮಾಳಪ್ಪ ಎತ್ತು ಕಟ್ಟಿ ಗಾಡಿಯನ್ನು ಎಳೆದು ತಂದು ಗ್ಯಾರೇಜಿಗೆ ಮುಟ್ಟಿಸಿದ. ಬಿಚ್ಚದೆ ಇರಲು ನನ್ನಿಂದ ಆಗಲಿಲ್ಲ. ಒಂದು ಪಿಸ್ಟನ್ ತಲೆಯಲ್ಲಿ ತೂತು ಬಿದ್ದಿತ್ತು, ಅಂಚು ಮೇಣದಂತೆ ಕರಗಿತ್ತು. ಅದನ್ನು ಕೈಯಲ್ಲಿ ಹಿಡಿದು ಕೂತಿದ್ದಾಗ ಬಾಯಾರು ಬಂದರು. ಕೊಡೆ ಗೋಡೆಗೆ ಆನಿಸಿ, ಔಷಧಿ ಪೆಟ್ಟಿಗೆ ಕೆಳಗಿಟ್ಟು, ನನ್ನ ಎದುರಿನ ಸ್ಟೂಲಿನ ಮೇಲೆ ಕೂತರು. ಪಿಸ್ಟನ್ ಇಸಿದುಕೊಂಡು ತಿರುಗಿಸಿ ನೋಡಿದರು.

"ನನ್ನ ಮ್ಯಾಲ ಸಿಟ್ಟದ ನಿಮಗ," ಎಂದರು.

"ಐತ್ರಿ."

"ಅವತ್ತ ಹೇಳಿದ್ರ ಏನ್ ಮಾಡ್ತಿದ್ರಿ?"

ಬಹಳ ದಿನಗಳಿಂದ ನಾನೂ ಅದನ್ನೇ ಕೇಳಿಕೊಂಡಿದ್ದೆ. "ಅಲ್ಲೇ ಕುಂತಬಿಡ್ತಿದ್ದೆ. ಚಕ್ರ ತಿರುವಾಕ ಕೈ ಏಳತಿದ್ದಿಲ್ಲ. ಹಸೀನಾ ಉಳೀತಿದ್ದಿಲ್ರಿ."

ಅವರು ಪಿಸ್ಟನ್ನಿನ ತೂತಿನ ಅಂಚನ್ನು ಬೆರಳಿನಿಂದ ಸವರಿದರು.

"ಆದ್ರೂ ಹೇಳಬೇಕಿತ್ರಿ, ಬಾಯಾರ."

"ಹೂಂ," ಎಂದರು. "ಹೇಳಬೇಕಿತ್ತು."

ಹೊರಗೆ ಸ್ಟೇಷನ್ ರಸ್ತೆಯಲ್ಲಿ ಟಾಂಗಾ ಒಂದು ಕೆಸರು ಹಾರಿಸಿಕೊಂಡು ಹೋಯಿತು. ಬಾಯಾರು ಪಿಸ್ಟನ್ನನ್ನು ಕಟ್ಟೆಯ ಮೇಲಿಟ್ಟರು.

"ನನಗೂ ಹಂಗ ಮಾಡಿದ್ರು," ಎಂದರು. "ಅಲ್ಲಿ ನಮ್ಮನಿಯವರು ಹೋದಾಗ ನಾ ದವಾಖಾನ್ಯಾಗ ಒಂದು ಹೆರಿಗಿ ಮಾಡಸಾಕತ್ತಿದ್ದೆ. ಕೂಸು ಅಡ್ಡ ಇತ್ತು. ಸುದ್ದಿ ಬಂದಿದ್ದು ಎಲ್ಲಾರಿಗೂ ಗೊತ್ತಿತ್ತು, ನನಗ ಮುಗದ ಮ್ಯಾಲೆ ಹೇಳಿದ್ರು. ಆ ಮಂದಿ ಮ್ಯಾಲ ನನ್ನ ಸಿಟ್ಟ ಇನ್ನೂ ಹೋಗಿಲ್ಲ."

ನಾನು ಕೇಳಿದೆ, "ಕೂಸು ಉಳೀತೇನ್ರಿ?"

"ಉಳೀತು," ಎಂದರು.

ತಿಕೋಟಾದ ಬಸ್ಸಿಗೆ ಹೊತ್ತಾಗಿತ್ತು. ಅವರು ಏಳುವ ಮೊದಲೇ ಔಷಧಿ ಪೆಟ್ಟಿಗೆಯನ್ನು ನಾನು ಎತ್ತಿಕೊಂಡೆ.